ಕುರಿ ಇಳಿಯುವ ದಾರಿ

ಕಳೆದ ಬೇಸಿಗೆಯಲ್ಲಿ ಕಮಲಾಪುರದಲ್ಲಿ ಬಸ್ಸಿಳಿದಾಗ ನನ್ನ ಮೂಗಿಗೆ ಮೊದಲು ಬಡಿದದ್ದು ಕರಕಿ ಬೇರು ಸುಡುವ ಹೊಗೆ. ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ಬಸ್ಸಿನ ಕಿಟಕಿಗಳಿಗೆ ಮುತ್ತಿಕೊಂಡಿದ್ದರು. ಹಣ್ಣಿನ ವಾಸನೆ ಅಲ್ಲೆಲ್ಲ ಹರಡಿತ್ತು. ಆದರೂ ನನ್ನ ಮೂಗು ಹಿಡಿದದ್ದು ಆ ಹೊಗೆಯನ್ನೇ. ಊರಾಚೆ ಯಾರೋ ಬೀಳುಬಿದ್ದ ಹೊಲ ಹಸನು ಮಾಡುತ್ತಿದ್ದರು. ಕರಕಿ ಎಂದರೆ ಗರಿಕೆ, ದೇವರ ಪೂಜೆಗೆ ಬೇಕಾದ ಹುಲ್ಲು, ಹೊಲಕ್ಕೆ ಹೊಕ್ಕರೆ ಮಾತ್ರ ಮಾರಿ. ಅಗೆದು, ಆರಿಸಿ, ರಾಶಿ ಹಾಕಿ ಸುಟ್ಟರೂ ಒಂದು ಗೆಣ್ಣು ಉಳಿದರೆ ಮುಂದಿನ ಮಳೆಗೆ ಮತ್ತೆ ಹಾಜರು. ಅದನ್ನು ಸುಟ್ಟಾಗ ಬರುವ ವಾಸನೆಯಲ್ಲಿ ಮಣ್ಣಿರುತ್ತದೆ, ಸ್ವಲ್ಪ ಸಿಹಿಯೂ ಇರುತ್ತದೆ. ಜೊತೆಗಿದ್ದ ಮೊಮ್ಮಗಳು "ಯಾಕ್ ನಿಂತಿ ಆಯಿ, ಬಿಸಿಲದ" ಎಂದು ಕೈ ಜಗ್ಗಿದಳು. ಅವಳಿಗೆ ಏನೆಂದು ಹೇಳಲಿ? ನಾನು ಆಗ ಮದುವೆಯಾಗಿ ಬಂದ ಮೊದಲ ವರ್ಷದಲ್ಲಿ ನಿಂತಿದ್ದೆ.

ನನ್ನ ತವರು ಕಲಬುರಗಿಯ ಬ್ರಹ್ಮಪುರ. ಅಲ್ಲಿನ ಮನೆಗಳು ಗೋಡೆಗೆ ಗೋಡೆ ಹಚ್ಚಿ ನಿಂತಿರುತ್ತವೆ. ಒಬ್ಬರ ಮಾಳಿಗೆಯಿಂದ ಇನ್ನೊಬ್ಬರ ಮಾಳಿಗೆಗೆ ಹಪ್ಪಳ, ಮಾತು, ಜಗಳ ಎಲ್ಲವೂ ದಾಟುತ್ತಿದ್ದವು. ಒಬ್ಬಳೇ ಕೂತು ಅಳಬೇಕೆಂದರೂ ಜಾಗ ಸಿಗದ ಮನೆ ನಮ್ಮದು. ನಿಜಾಮರ ಆಳ್ವಿಕೆಯಲ್ಲಿ ಸರಕಾರದ ಸಾಲೆಯೆಲ್ಲ ಉರ್ದುವಿನಲ್ಲಿ. ಅಪ್ಪ ನನ್ನನ್ನು ಮಠದ ಐಗಳ ಹತ್ತಿರ ಕೂರಿಸಿ ಮರಳಿನ ಮೇಲೆ ಕನ್ನಡ ಅಕ್ಷರ ತಿದ್ದಿಸಿದ. ಅವ್ವ ಕಲಿಸಿದ್ದು ಮಾತ್ರ ಬೇರೆ ವಿದ್ಯೆ: ಒಡಪು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿ ಬಾಯಲ್ಲಿ ಹೇಳುವಂತಿಲ್ಲ. ಹೊಸ ಸೊಸೆ ಹೊಸ್ತಿಲಿಗೆ ಬಂದಳೆಂದರೆ ಓಣಿಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರು ಹೇಳು, ಇಲ್ಲಾಂದ್ರ ಒಳಗ ಬಿಡಂಗಿಲ್ಲ" ಎನ್ನುತ್ತಾರೆ. ಆಗ ಆಕೆ ಆ ಹೆಸರನ್ನು ಒಂದು ಪ್ರಾಸದ ಮಾತಿನಲ್ಲಿ ಸುತ್ತಿ ಹೇಳಬೇಕು. ಹೇಳುವಾಗ ನಡುವೆ ಬಾಯಿ ಹಾಕುವ ಅಧಿಕಾರ ಅತ್ತೆಗೂ ಇಲ್ಲ, ಗಂಡಸರಿಗಂತೂ ಇಲ್ಲವೇ ಇಲ್ಲ. ನಾನು ಮದುವೆಗೆ ಮೊದಲೇ ನನ್ನದೊಂದು ಕಟ್ಟಿ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ:

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ,
ಶಿವಲಿಂಗಪ್ಪನವರ ಹೆಸರು ಹೇಳ್ತೀನಿ ನೀವು ಸಾಕು ಅನ್ನೂತನಕ."

ಎಷ್ಟು ಬಾಗಿಲಲ್ಲಿ ಹೇಳಬೇಕಾಗುತ್ತದೋ ಎಂದು ಹೆದರಿದ್ದೆ. ಹೇಳುವುದಕ್ಕೆ ಬಾಗಿಲೇ ಇರುವುದಿಲ್ಲವೆಂದು ಯಾರೂ ಹೇಳಿರಲಿಲ್ಲ.

ನಮ್ಮವರದು ಬಟ್ಟೆ ಅಂಗಡಿಯ ಮನೆತನ. ಮೂವರು ಅಣ್ಣತಮ್ಮಂದಿರಲ್ಲಿ ಇವರು ನಡುವಿನವರು. ಅಂಗಡಿಯ ಗಾದಿಯ ಮೇಲೆ ಮೂವರು ಕೂತರೆ ಗಿರಾಕಿಗೆ ಜಾಗವಿರಲಿಲ್ಲ. ಆ ದಿನಗಳಲ್ಲಿ ಕಮಲಾಪುರದ ಆಚೆ, ಹಳ್ಳದ ದಂಡೆಯ ಬೀಳು ಜಮೀನನ್ನು ಸರಕಾರ ಪಟ್ಟಾ ಮಾಡಿ ಕೊಡುತ್ತಿತ್ತು. ಕಂಟಿ ಕಡಿದು, ಉತ್ತು, ಬಿತ್ತಿದವನದೇ ಹೊಲ. ಹತ್ತಿಗೆ ಬಂಗಾರದ ಬೆಲೆ ಬಂದ ಕಾಲ ಅದು. ಕಲಬುರಗಿ ಸ್ಟೇಷನ್ನಿನಲ್ಲಿ ಹತ್ತಿಯ ಅಂಡಿಗೆಗಳು ಬಿದ್ದಿರುತ್ತಿದ್ದವು. ರೈಲು ಅವನ್ನು ಮುಂಬಯಿಗೆ ಒಯ್ಯುತ್ತಿತ್ತು, ಅಲ್ಲಿಂದ ಹಡಗು ಹತ್ತಿ ವಿಲಾಯತಿಗೆ ಹೋಗುತ್ತವೆ ಎಂದು ನಮ್ಮವರು ಕಣ್ಣರಳಿಸಿ ಹೇಳುತ್ತಿದ್ದರು. ಇವರಂತೆಯೇ ಅಂಗಡಿಕಾರರ, ಗೌಡರ, ಕಾರಕೂನರ ಮಕ್ಕಳು ಬಹಳ ಜನ ಕೊಡಲಿ ಹಿಡಿದು ಅತ್ತ ಹೊರಟರು. ಮದುವೆಯಾದ ಹೊಸತರಲ್ಲಿ ಇವರು ನನ್ನೊಡನೆ ಆಡಿದ ಮೊದಲ ಉದ್ದನೆಯ ಮಾತು ಇದೇ: "ಹಳ್ಳದಿಂದ ಮಡ್ಡಿತನಕ ಎಲ್ಲಾ ಖಾಲಿ ಬಿದ್ದದ. ಯಾರೂ ಇಲ್ಲ, ಏನೂ ಇಲ್ಲ. ನಾವು ಹೋಗಿ ಕೂಡೂದಷ್ಟೇ."

ಯಾರೂ ಇಲ್ಲ ಎನ್ನುವ ಮಾತು ಅವರಿಗೆ ಸಂತೋಷದ್ದು. ನನಗೆ ಭಯದ್ದು.

ಬಿರುಬೇಸಿಗೆಯಲ್ಲಿ ಚಕ್ಕಡಿ ಕಟ್ಟಿಕೊಂಡು ಹೋದೆವು. ಕಮಲಾಪುರ ದಾಟಿದ ಮೇಲೆ ಬಂಡಿಯ ದಾರಿ ಮುಗಿಯಿತು, ಮುಂದೆ ಜಾಲಿ, ಕಾರಿ, ಬಾರಿ ಕಂಟಿಗಳು. ಮೇಲುಗಡೆ ಮಡ್ಡಿ ಎನ್ನುವ ಕೆಂಪು ಕಲ್ಲಿನ ದಿಬ್ಬ, ಕೆಳಗಡೆ ಹಳ್ಳ, ನಡುವೆ ಉದ್ದಕ್ಕೆ ಮಲಗಿದ ಎರೆಭೂಮಿ. ಆ ಎರೆಯ ಪಟ್ಟಿಯೇ ನಮ್ಮದು. ಅದರ ಮೂಲೆಯಲ್ಲಿ ಒಂದು ಗುಡಿಸಲು ಎದ್ದಿತ್ತು. ನಾನು ಸೆರಗು ಸರಿಮಾಡಿಕೊಂಡು, ಒಡಪನ್ನು ಮನಸ್ಸಿನಲ್ಲಿ ಒಮ್ಮೆ ಅಂದುಕೊಂಡು, ಬಲಗಾಲಿಟ್ಟು ಒಳಗೆ ಹೋದೆ. ಬಾಗಿಲಿಗೆ ಅಡ್ಡ ನಿಲ್ಲಲು ಒಂದು ಬೆಕ್ಕು ಕೂಡ ಇರಲಿಲ್ಲ.

ಕಮಲಾಪುರದಿಂದ ಎತ್ತು, ಆಳು ಬಾಡಿಗೆಗೆ ಬಂದರು. ದೊಡ್ಡ ನೇಗಿಲಿಗೆ ಜೋಡಿಯ ಮೇಲೆ ಜೋಡಿ ಎತ್ತು ಕಟ್ಟಿ ನೆಲ ಸೀಳಿದರು. ಕುದುರೆಯ ತಲೆಯಷ್ಟು ದೊಡ್ಡ ಹೆಂಟೆಗಳು ಏಳುತ್ತಿದ್ದವು. ಹಿಂದೆ ನಾನು ಕರಕಿ ಬೇರು ಆರಿಸುತ್ತ ನಡೆಯುತ್ತಿದ್ದೆ. ಸಂಜೆ ರಾಶಿಗೆ ಬೆಂಕಿ ಇಡುವುದು, ಆ ಹೊಗೆಯಲ್ಲೇ ರೊಟ್ಟಿ ಬಡಿಯುವುದು. ನಮ್ಮವರಿಗೆ ದಣಿವೇ ಇಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ಆ ಥರ. ಗಜಕಡ್ಡಿ ಹಿಡಿದು ಬಟ್ಟೆ ಅಳೆದ ಕೈಯಲ್ಲಿ ಬೊಬ್ಬೆ ಎದ್ದು ಒಡೆದವು. ನಾನು ಅರಿಶಿನ ಹಚ್ಚಲು ಹೋದರೆ "ಇರಲಿ ಬಿಡು" ಎಂದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಅವರ ಮಾತೆಲ್ಲ ಮಳೆ, ಬೀಜ, ಹತ್ತಿಯ ಧಾರಣೆಯ ಸುತ್ತಲೇ. ಬೀಜಕ್ಕೆಂದೋ ಕಬ್ಬಿಣಕ್ಕೆಂದೋ ಕಲಬುರಗಿಗೆ ಹೋದರೆ ಆಳುಗಳೂ ಊರಿಗೆ ಹೋಗಿಬಿಡುತ್ತಿದ್ದರು. ಆಗ ನಾನು ಒಬ್ಬಳೇ. ನನ್ನ ದನಿ ನನಗೇ ಮರೆತುಹೋದೀತೆಂದು ಎತ್ತುಗಳ ಮುಂದೆ ನಿಂತು ಬೆಳ್ಳಿ ಬಟ್ಟಲದ ಒಡಪು ಹೇಳುತ್ತಿದ್ದೆ. ಅವು ಸಾಕು ಎನ್ನುತ್ತಿರಲಿಲ್ಲ, ಇನ್ನೊಂದು ಹೇಳು ಎಂದೂ ಅನ್ನುತ್ತಿರಲಿಲ್ಲ. ಬ್ರಹ್ಮಪುರದ ಗದ್ದಲವನ್ನು ನೆನೆದು ಒಲೆಯ ಮುಂದೆ ಕೂತು ಮನಸಾರೆ ಅತ್ತ ದಿನಗಳಿವೆ. ಅಳಲು ಈಗ ಬೇಕಾದಷ್ಟು ಜಾಗವಿತ್ತು.

ಉಳುವಾಗ ಒಂದು ಸಂಗತಿ ನಡೆಯಿತು. ಹೊಲದ ನಡುವೆ, ಮಡ್ಡಿಯ ಅಂಚಿನಿಂದ ಹಳ್ಳದವರೆಗೆ ಒಂದು ಪಟ್ಟಿಯಲ್ಲಿ ನೇಗಿಲು ಇಳಿಯಲೊಲ್ಲದು. ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿದಿರುತ್ತದೆ. ಆ ಪಟ್ಟಿಯಲ್ಲಿ ಮಾತ್ರ ಒಂದು ಬಿರುಕಿಲ್ಲ, ನೆಲ ಬಡಿದು ಮಾಡಿದ ಕಣದಂತಿತ್ತು. ಅಲ್ಲಿಯೇ ನೇಗಿಲಿನ ಕುಳ ಮುರಿಯಿತು. ಅದರ ಪಕ್ಕದಲ್ಲಿ, ಮಡ್ಡಿಯ ಕಡೆಗೆ, ಒಂದು ಹುತ್ತವಿತ್ತು. ಆಳುಗಳು ಅದನ್ನು ಮುಟ್ಟಲು ಹೆದರಿ ಬಿಟ್ಟರು. ನಮ್ಮವರು ಕಮಲಾಪುರಕ್ಕೆ ಹೋಗಿ ಹೊಸ ಕುಳ ಹಾಕಿಸಿಕೊಂಡು ಬಂದು ಆ ಪಟ್ಟಿಯನ್ನೂ ಹಟ ಹಿಡಿದು ಒಡೆಸಿದರು. ಮೃಗಶಿರದ ಮಳೆ, ನಮ್ಮ ಬಾಯಲ್ಲಿ ಮಿರಗ, ಬಿತ್ತು, ನೆಲ ಹದವಾಯಿತು. ಆರಿದ್ರಾ ಮಳೆಯಲ್ಲಿ ಹತ್ತಿ ಬಿತ್ತಿ ಸುತ್ತಲೂ ಜಾಲಿ ಮುಳ್ಳಿನ ಬೇಲಿ ಬಡಿದರು. ಅಕ್ಕಪಕ್ಕದ ಹೊಸ ಹೊಲದವರೂ ತಮ್ಮ ತಮ್ಮ ಬೇಲಿ ಹಾಕಿಕೊಂಡರು. ಬೇಲಿಗೆ ಬೇಲಿ ಕೂಡಿ ಹಳ್ಳದ ದಂಡೆ ಉದ್ದಕ್ಕೂ ಮುಚ್ಚಿಹೋಯಿತು.

ಶ್ರಾವಣ ಬಂತು. ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆಂದು ನಾನು ದಿನವೂ ದಾರಿ ನೋಡಿದೆ. ಗಂಡನ ಮನೆಯಲ್ಲಿ ಎಷ್ಟೇ ಕಷ್ಟವಿರಲಿ, ಪಂಚಮಿಗೆ ತವರಿಗೆ ಹೋಗಿ ಜೋಕಾಲಿ ಜೀಕಿದರೆ ಹೆಣ್ಣುಮಗಳಿಗೆ ವರ್ಷ ದಾಟುತ್ತದೆ. ಆದರೆ ನಡುವಿನ ಹಳ್ಳಗಳು ತುಂಬಿ ಬಂಡಿ ನಿಂತಿದ್ದವು. ಅಣ್ಣ ಬರಲಿಲ್ಲ. ಹಬ್ಬ ಬಿಡಬಾರದೆಂದು ಶೇಂಗಾ ಉಂಡಿ, ತಂಬಿಟ್ಟು ಕಟ್ಟಿದೆ. ಡಬ್ಬಿ ತುಂಬ ಉಂಡಿ, ತಿನ್ನುವವರು ಇಬ್ಬರೇ. ಅವರಲ್ಲಿ ಒಬ್ಬರು ಕಳೆ ನೋಡಲು ಹೋಗಿದ್ದರು. ನಾನು ಹಾಲಿನ ಗಿಂಡಿ, ನೈವೇದ್ಯದ ಉಂಡಿ ಹಿಡಿದು ಹುತ್ತದ ಕಡೆ ಹೊರಟೆ.

ಅಲ್ಲಿ ಬೇಲಿಯಾಚೆ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ಮೇಲೆ ಕಂಬಳಿ ಕೊಪ್ಪೆ, ಕೈಯಲ್ಲಿ ಕೋಲು, ಹಿಂದೆ ಮಡ್ಡಿ ತುಂಬ ಕುರಿ. ನನಗಿಂತ ಬಹಳ ದೊಡ್ಡವಳು, ಅವ್ವನ ವಯಸ್ಸಿನವಳು. ಹೆಸರು ಮಾಳವ್ವ ಎಂದು ಆಮೇಲೆ ತಿಳಿಯಿತು.

"ಈ ಬೇಲಿ ಯಾವಾಗ ಬಂತಬೇ?" ಎಂದಳು.

ಈ ವರ್ಷದ್ದು ಎಂದೆ.

"ಮತ್ತ ನಮ್ಮ ಕುರಿ ನೀರಿಗೆ ಹೆಂಗ ಹೋಗಬೇಕು?"

ಆಕೆಯೇ ಬಿಡಿಸಿ ಹೇಳಿದಳು. ಮಳೆಗಾಲದಲ್ಲಿ ಎರೆಯ ಕೆಸರಿನಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಅದಕ್ಕೇ ಅವರು ಮಿರಗ ಹೊಕ್ಕ ಮೇಲೆ ಕುರಿ ಹೊಡೆದುಕೊಂಡು ಈ ಕಲ್ಲುಮಡ್ಡಿಗೆ ಏರುತ್ತಾರೆ, ಈ ವರ್ಷ ಮಾತ್ರ ತಡವಾಗಿ ಬಂದಿದ್ದರು. ಮಡ್ಡಿಯಲ್ಲಿ ಹುಲ್ಲಿದೆ, ನೀರು ನಿಲ್ಲುವುದಿಲ್ಲ. ನೀರಿಗೆ ಹಳ್ಳಕ್ಕೇ ಇಳಿಯಬೇಕು. ಇಳಿಯುವ ದಾರಿ ಇದೇ, ಈ ಹುತ್ತದ ಪಕ್ಕದ್ದು. ಆಕೆಯ ಅತ್ತೆ, ಅತ್ತೆಯ ಅತ್ತೆ ಎಲ್ಲರೂ ಪಂಚಮಿಗೆ ಹಾಲೆರೆದ ಹುತ್ತ ಅದು. ನೇಗಿಲ ಕುಳ ಮುರಿದದ್ದು ಯಾಕೆಂದು ಆಗ ನನಗೆ ಹೊಳೆಯಿತು. ಎಷ್ಟು ತಲೆಮಾರಿನ ಕುರಿ ತುಳಿದರೆ ಎರೆಭೂಮಿ ಹಾಗೆ ಗಟ್ಟಿಯಾಗಬೇಕು! ನಮ್ಮವರು ಖಾಲಿ ಎಂದದ್ದು ಈ ಜಾಗವನ್ನು.

"ಉಂಡಿ ತಿಂತೀರೇನ್ರಿ" ಎಂದೆ. ಆಕೆ ನಕ್ಕಳು. ನಾನು ಮುಳ್ಳಿನ ಎರಡು ಕಂಟಿ ಸರಿಸಿದೆ, ಒಳಗೆ ಬಂದಳು. ಇಬ್ಬರೂ ಹುತ್ತಕ್ಕೆ ಹಾಲೆರೆದೆವು. ಆಕೆಗೆ ಉಂಡಿ ಕೊಟ್ಟು ಗುಡಿಸಲಿಗೆ ಕರೆದುಕೊಂಡು ಹೋದೆ. ಬಾಗಿಲ ಹತ್ತಿರ ಬಂದಾಗ ಮಾಳವ್ವ ನನಗಿಂತ ಮುಂದೆ ಹೋಗಿ ಕೋಲನ್ನು ಅಡ್ಡ ಹಿಡಿದು ನಿಂತಳು.

"ಹೊಸ ಸೊಸಿ ಕಂಡಂಗ ಕಾಣ್ತಿ. ಗಂಡನ ಹೆಸರು ಹೇಳಿ ಒಳಗ ಹೋಗು."

ಬೆಳ್ಳಿ ಬಟ್ಟಲದ ಒಡಪು ಅರ್ಧ ಹೇಳುವಷ್ಟರಲ್ಲಿ ಅಳು ಬಂತು. ಆಕೆ ಕೋಲು ತೆಗೆಯಲಿಲ್ಲ. "ಸಾಕು ಅನ್ನೂತನಕ ಅಂದೀದಿ, ನಾನಂತೂ ಸಾಕು ಅನ್ನಂಗಿಲ್ಲ. ಕಣ್ಣೊರಸಿಕೊಂಡು ಇನ್ನೊಮ್ಮಿ ಹೇಳು" ಎಂದಳು. ಹೇಳಿದೆ. ಅಂದು ನನಗೆ ಆ ಗುಡಿಸಲು ಮನೆಯಾಯಿತು.

ಅಂದಿನಿಂದ ಮಾಳವ್ವ ನನ್ನ ಓಣಿ, ನನ್ನ ಮಾಳಿಗೆ, ನನ್ನ ತವರು ಎಲ್ಲವೂ ಆದಳು. ಬಂದರೆ ಬೇಲಿಯಾಚೆ ಕೂತು ಉಣ್ಣೆ ನೂಲುತ್ತ ಮಾತಾಡುತ್ತಿದ್ದಳು. ನಾನು ಈಚೆ ಕೂತು ಕಾಳು ಹಸನು ಮಾಡುತ್ತಿದ್ದೆ. ಬೇಲಿಯನ್ನು ಮಾತ್ರ ನಮ್ಮವರು ಸರಿಸಗೊಡಲಿಲ್ಲ. ಅವರ ಮಾತಿಗೂ ಅರ್ಥವಿತ್ತು. ಒಂದು ಸಲ ದಾರಿ ಬಿಟ್ಟರೆ ಕುರಿ ದಾರಿಯಲ್ಲಷ್ಟೇ ಹೋಗುತ್ತವೆಯೇ? ಎಳೆಯ ಹತ್ತಿ ಕಂಡರೆ ಬಾಯಿ ಹಾಕುವುದಿಲ್ಲವೇ? ಮನೆ ಮಾರು ಬಿಟ್ಟು ಬಂದು ಕೈ ಒಡೆದುಕೊಂಡು ಮಾಡಿದ ಹೊಲ. ಪಟ್ಟಾದಲ್ಲಿ ದಾರಿ ಎಂದು ಎಲ್ಲೂ ಬರೆದಿಲ್ಲ. "ಇದ್ದಿದ್ರ ಕಾಗದದಾಗ ಬರತಿದ್ದಿಲ್ಲೇನು?" ಎಂದು ನನ್ನನ್ನೇ ಕೇಳಿದರು. ಪಟ್ಟಾ ಬರೆದವರು ಬೇಸಿಗೆಯಲ್ಲಿ ಬಂದು ನೋಡಿದ್ದರು. ಆಗ ಮಡ್ಡಿಯಲ್ಲಿ ಕುರಿ ಎಲ್ಲಿರಬೇಕು?

ಆಶ್ಲೇಷಾ ಮಳೆ ಕೈಕೊಟ್ಟಿತು. ಮಡ್ಡಿಯ ಕುಳಿಗಳಲ್ಲಿ ನಿಂತಿದ್ದ ನೀರು ಆರಿತು. ಕುರಿಗಳನ್ನು ಎಲ್ಲ ಹೊಲಗಳನ್ನು ಸುತ್ತಿ, ಕಮಲಾಪುರದ ಹತ್ತಿರದವರೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿ ತರಬೇಕಾಯಿತು. ಈದ ಕುರಿಗಳು ಬಿಸಿಲಲ್ಲಿ ಅಷ್ಟು ದೂರ ನಡೆದು ಹಾಲು ಬತ್ತಿದವು, ಮರಿಗಳು ಸಾಯತೊಡಗಿದವು. ಮಾಳವ್ವ ಸತ್ತ ಮರಿಯೊಂದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದು ಬೇಲಿಯ ಹತ್ತಿರ ಕೂತಳು. ಬೈಯಲಿಲ್ಲ, ಅಳಲಿಲ್ಲ. "ಮುಂದಿನ ಮಳಿ ಬರೂದ್ರಾಗ ಹಟ್ಟಿ ಖಾಲಿ ಆಗತೈತಿ" ಎಂದಳಷ್ಟೇ. ಹಟ್ಟಿ ಖಾಲಿಯಾದರೆ ಅವರು ಇತ್ತ ಬರುವ ಕಾರಣವಿಲ್ಲ. ಅವರು ಬರದಿದ್ದರೆ ನನ್ನನ್ನು ಹೆಸರು ಹಿಡಿದು ಕರೆಯುವ ಹೆಂಗಸು ಆ ಬಯಲಿನಲ್ಲಿ ಇನ್ನೊಬ್ಬಳಿಲ್ಲ. ಆಕೆಗೆ ಕುರಿಯ ಚಿಂತೆ, ನನಗೆ ನನ್ನ ಚಿಂತೆ. ಎರಡಕ್ಕೂ ಆ ದಾರಿಯೊಂದೇ ಇತ್ತು.

ಅವರ ಗಂಡಸರು ಕಮಲಾಪುರದ ಚಾವಡಿಗೆ ಹೋಗಿ ದೂರು ಹೇಳಿಕೊಂಡರು. ಉತ್ತರಿ ಮಳೆ ಎರಡು ಹನಿ ಹಾಕಿ ಹೋದ ಮೇಲೆ ಒಂದು ಮುಂಜಾನೆ ಗಿರ್ದಾವರ ಸಾಹೇಬರು ಕುದುರೆಯ ಮೇಲೆ ಬಂದರು. ಗಿರ್ದಾವರ ಎಂದರೆ ಹಳ್ಳಿಗಳ ಜಮೀನು ತನಿಖೆ ಮಾಡುವ ಸರಕಾರಿ ಅಧಿಕಾರಿ. ವಯಸ್ಸಾದ ಮನುಷ್ಯ, ಹೈದರಾಬಾದಿನವರು, ಬಿಳಿ ಗಡ್ಡ. ಜೊತೆಗೆ ಊರ ಜಮೀನಿನ ಲೆಕ್ಕ ಬರೆಯುವ ಪಟವಾರಿ, ಅಕ್ಕಪಕ್ಕದ ಹೊಲದವರು, ಕುರುಬರ ಗಂಡಸರು. ಹೊಲದವರೆಲ್ಲ ಇಲ್ಲಿ ದಾರಿ ಇರಲೇ ಇಲ್ಲವೆಂದರು. ಕುರುಬರು ತಮ್ಮ ಅಜ್ಜನ ಕಾಲದಿಂದ ಇದೆಯೆಂದರು. ಮಾತು ಮುಗಿಯಲೊಲ್ಲದು. ಆಗ ನಮ್ಮವರು ಒಂದು ಮಾತು ಆಡಿದರು.

"ಬಿತ್ತಿದಾಗಿಂದ ಇಲ್ಲೇ ಇದ್ದಾಕಿ ನಮ್ಮಾಕಿ. ಬೇಕಾದ್ರ ಆಕೀನ್ನೇ ಕೇಳ್ರಿ ಸಾಹೇಬ್ರ."

ಅವರ ಲೆಕ್ಕ ನನಗೆ ಗೊತ್ತು. ಅಷ್ಟು ಗಂಡಸರ ಮುಂದೆ, ಅದೂ ಸರಕಾರದ ಮನುಷ್ಯನ ಮುಂದೆ, ಒಳ್ಳೆಯ ಮನೆತನದ ಸೊಸೆ ಬಾಯಿ ಬಿಡುವುದಿಲ್ಲ. ಸೆರಗು ಮುಂದಕ್ಕೆ ಎಳೆದುಕೊಂಡು ನೆಲ ನೋಡುತ್ತ ನಿಲ್ಲುತ್ತಾಳೆ. ಸುಮ್ಮನಿದ್ದಾಳೆಂದರೆ ಗಂಡನ ಮಾತಿಗೆ ಹೂಂ ಎಂದ ಹಾಗೆಯೇ. ಬ್ರಹ್ಮಪುರದಲ್ಲಾಗಿದ್ದರೆ ಆ ಲೆಕ್ಕ ತಪ್ಪುತ್ತಿರಲಿಲ್ಲ.

ನನ್ನನ್ನು ಕರೆಸಿದರು. ಸಾಹೇಬರು ಕುದುರೆಯಿಂದ ಇಳಿದು, ನನ್ನ ಕಡೆ ನೇರವಾಗಿ ನೋಡದೆ, ಹೆದರಬೇಡವೆಂದು ಮೆತ್ತಗೆ ಮಾತಾಡಿದರು. "ಬೋಲೋ ಬೇಟಿ, ಡರೋ ನಕ್ಕೋ. ಯೇ ಖೇತ್ ಕಿಸ್ಕಾ ಹೈ?"

ಪಟವಾರಿ ಕನ್ನಡದಲ್ಲಿ ಹೇಳಿದ: "ಈ ಹೊಲ ಯಾರ್ದು ಅಂತ ಕೇಳ್ತಾರ. ಮೊದಲು ಹೆಸರು ಹೇಳಬೇಕು, ಕಾಯದೆ ಪ್ರಕಾರ."

ಗಂಡಸರು ಮುಸಿಮುಸಿ ನಕ್ಕರು. ಹೊಲದ ಒಡೆಯನ ಹೆಸರು ನನ್ನ ಗಂಡನ ಹೆಸರು. ಅದನ್ನು ನಾನು ಬರಿ ಬಾಯಲ್ಲಿ ಹೇಳುವಂತಿಲ್ಲ. ಮಾತು ಅಲ್ಲಿಗೇ ನಿಂತಿತೆಂದು ಎಲ್ಲರೂ ಅಂದುಕೊಂಡರು. ಬೇಲಿಯಾಚೆಯಿಂದ ಮಾಳವ್ವನ ದನಿ ಕೇಳಿತು: "ಒಡಪು ಹಾಕಿ ಹೇಳಬೇ. ಅದಕ್ಕ ಯಾರ ಅಡ್ಡಿ ಐತಿ?"

ಬಾಯಿಪಾಠ ಮಾಡಿಟ್ಟ ಬೆಳ್ಳಿ ಬಟ್ಟಲ ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿ ಒಳಗೆ ಹೋಗಿಬಿಡಬಹುದಿತ್ತು. ಮುಂದೆ ನೋಡಿದೆ. ಆಕೆಯ ಕಂಬಳಿಯ ಮಡಿಕೆಯಲ್ಲಿ ಒಂದು ಮರಿ ಇತ್ತು, ಅದು ಇನ್ನೂ ಜೀವಂತವಾಗಿತ್ತು. ನಾನು ತಲೆ ಎತ್ತಿ ಹೇಳಿದೆ:

"ಮಡ್ಡಿ ಇಳಿದು ಹಳ್ಳಕ್ಕ ಹೋಗ್ತಾವ ಕುರಿ,
ಶಿವಲಿಂಗಪ್ಪನವರ ಹೊಲದಾಗ ಮೊದಲಿಂದ ಅವಕ್ಕ ದಾರಿ."

ಯಾರೂ ನಡುವೆ ಬಾಯಿ ಹಾಕಲಿಲ್ಲ. ಒಡಪಿಗೆ ಬಾಯಿ ಹಾಕುವ ಪದ್ಧತಿ ಇಲ್ಲವಲ್ಲ. ಪಟವಾರಿ ಅದನ್ನು ಉರ್ದುವಿಗೆ ತಿರುಗಿಸಲು ತಡವರಿಸುತ್ತಿದ್ದ. ಸಾಹೇಬರಿಗೆ ಅಷ್ಟು ಕನ್ನಡ ಬರುತ್ತಿತ್ತು. "ಕಹಾಂ ಹೈ ದಾರಿ?" ಎಂದರು. ನಾನು ಕೈ ಮಾಡಿ ತೋರಿಸಿದೆ. ಅವರು ಮತ್ತೆ ಕುದುರೆ ಹತ್ತಿ ನೋಡಿದರು. ಎತ್ತರದಿಂದ ಚೆನ್ನಾಗಿ ಕಾಣುತ್ತಿತ್ತು. ಎರಡೂ ಕಡೆ ಹತ್ತಿ ಮೊಳಕಾಲು ದಾಟಿ ಹಸಿರಾಗಿ ನಿಂತಿದೆ. ನಡುವೆ ಆ ಗಟ್ಟಿ ನೆಲದ ಪಟ್ಟಿಯಲ್ಲಿ ಗಿಡಗಳು ಗೇಣುದ್ದ, ಹಳದಿ ಎಲೆ. ಮಡ್ಡಿಯಿಂದ ಹಳ್ಳದವರೆಗೆ ದಾರಿ ಬೆಳೆಯೊಳಗೇ ಎದ್ದು ಕಾಣುತ್ತಿತ್ತು. ದಿನವೂ ಆ ಹೊಲದಲ್ಲಿ ಓಡಾಡುತ್ತಿದ್ದ ನಮ್ಮವರ ಕಣ್ಣಿಗೆ ಅದು ಬಿದ್ದಿರಲಿಲ್ಲವೇ? ಬಿದ್ದಿರಬೇಕು. ಗೊಬ್ಬರ ಸಾಲದು ಎಂದುಕೊಂಡಿರಬೇಕು. ದಾರಿ ಬಿಡಬೇಕೆಂದು ಹೇಳಿ ಸಾಹೇಬರು ಹೊರಟುಹೋದರು.

ಅಂದು ನಮ್ಮವರು ಊಟ ಮುಗಿಸಿ ಕೈ ತೊಳೆದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು: "ನಿನ್ನ ಬಾಯಾಗ ನನ್ನ ಹೆಸರು ಇವತ್ತೇ ಮೊದಲ ಸಲ ಕೇಳಿದೆ. ಅದೂ ಹಿಂಗ."

ಬೈದಿದ್ದರೆ ನಾನೂ ಎದುರಾಡುತ್ತಿದ್ದೆ. ಹೊಸ್ತಿಲಲ್ಲಿ ಹೆಂಗಸರು ಕೇಳಿ, ನಾನು ನಾಚಿ ಹೇಳಿ, ಒಳಗಿನಿಂದ ಅವರು ಕಳ್ಳಕಿವಿಯಿಂದ ಕೇಳಿ ಖುಷಿಪಡಬೇಕಾದ ಹೆಸರು. ಆ ಬಯಲಿಗೆ ಬಂದು ನಾನು ಓಣಿ ಕಳೆದುಕೊಂಡಿದ್ದೆ, ಅವರು ಇದನ್ನು ಕಳೆದುಕೊಂಡಿದ್ದರು. ಅದು ನನಗೆ ಆ ಹೊತ್ತಿನವರೆಗೆ ಹೊಳೆದಿರಲಿಲ್ಲ.

ಮರುದಿನ ಅವರೇ ಹೋಗಿ ಹಳದಿ ಗಿಡಗಳನ್ನು ಕಿತ್ತರು, ಬೇಲಿಯನ್ನು ದಾರಿಯ ಎರಡೂ ಬದಿಗೆ ಕಟ್ಟಿದರು. ಯಾರೂ ಸಹಾಯಕ್ಕೆ ಬರುವುದು ಬೇಡವೆಂದರು. ಕುರಿಗಳು ಧೂಳೆಬ್ಬಿಸುತ್ತ ಹಳ್ಳಕ್ಕಿಳಿದವು. ಆ ಮಳೆಗಾಲ ಮುಗಿಯುವವರೆಗೆ ನಮ್ಮ ಗುಡಿಸಲಲ್ಲಿ ಮಾತು ಇರಲಿಲ್ಲ, ಅಡುಗೆ ಮತ್ತು ಊಟ ಇದ್ದವು. ಹೊರಗೆ ಮಾಳವ್ವ ಇದ್ದಳು. ದೀಪಾವಳಿ ದಾಟಿ ಚಳಿ ಬಿದ್ದ ಮೇಲೆ ಕುರುಬರು ಹಟ್ಟಿ ಎತ್ತಿದರು. ಹೋಗುವಾಗ ಆಕೆ ತಾನೇ ನೂತ ಉಣ್ಣೆಯ ಕರಿಕಂಬಳಿಯೊಂದನ್ನು ನನ್ನ ಹೆಗಲಿಗೆ ಹಾಕಿ, ಮಿರಗಕ್ಕೆ ಬರುತ್ತೇವೆ, ಅಷ್ಟರಲ್ಲಿ ಹೊಸ ಒಡಪು ಕಟ್ಟಿಡು ಎಂದಳು. ನಾನು ಹಳ್ಳದವರೆಗೆ ಹೋಗಿ ಕಳಿಸಿ ಬಂದೆ.

ಮಿರಗ ಬಂತು, ಅವರು ಬರಲಿಲ್ಲ. ಹತ್ತಿಯ ಬೆಲೆ ನೋಡಿ ಜನ ಮಡ್ಡಿಯನ್ನೂ ಬಿಡಲಿಲ್ಲ. ಕಲ್ಲು ಆರಿಸಿ ಶೇಂಗಾ, ತೊಗರಿ ಬಿತ್ತಲು ಅದಕ್ಕೂ ಪಟ್ಟಾ ಆಯಿತು. ಕುರಿಗೆ ಇಳಿಯುವ ದಾರಿ ನಮ್ಮ ಹೊಲದಲ್ಲಿ ಉಳಿದಿತ್ತು, ನಿಲ್ಲುವ ಜಾಗವೇ ಮೇಲೆ ಇಲ್ಲವಾಗಿತ್ತು. ಹೊಸ ಒಡಪು ಕಟ್ಟಿಟ್ಟಿದ್ದೆ. ಆ ವರ್ಷವೇ ಚೊಚ್ಚಲ ಬಾಣಂತನಕ್ಕೆ ಕಲಬುರಗಿಗೆ ಬಂದೆ. ಊರು ಗುರುತು ಸಿಗದಷ್ಟು ಬದಲಾಗಿತ್ತು. ಸ್ಟೇಷನ್ನಿನ ಕಡೆ ಹತ್ತಿಯಿಂದ ಬೀಜ ಬಿಡಿಸುವ ಕಾರಖಾನೆ, ಬಟ್ಟೆಯ ಗಿರಣಿಯ ಸೀಟಿ, ಬಜಾರದಲ್ಲಿ ಹೊಸ ದುಕಾನುಗಳು. ಎಲ್ಲವೂ ನಮ್ಮಂಥವರು ಕರಕಿ ಸುಟ್ಟು ಮಾಡಿದ ಹೊಲಗಳಿಂದ ಎದ್ದವು ಎಂದು ನಮ್ಮವರು ಹೆಮ್ಮೆಪಡುತ್ತಿದ್ದರು. ಸುಳ್ಳಲ್ಲ. ಕೂಸಿಗೆ ಕುಲಾವಿಯ ಬಟ್ಟೆ ತರಲು ಅವ್ವನ ಜೊತೆ ಆ ಕಡೆ ಹೋದಾಗ ಕಾರಖಾನೆಯ ಬಾಗಿಲಲ್ಲಿ ಹತ್ತಿ ಹೊತ್ತ ಹೆಂಗಸರ ಸಾಲು ಕಂಡಿತು. ತಲೆಗೂದಲ ತುಂಬ ಹತ್ತಿಯ ಎಳೆ ಅಂಟಿದ ಒಬ್ಬಳು ನನ್ನನ್ನೇ ನೋಡುತ್ತಿದ್ದಳು. ಹಿಂದಿನ ವರ್ಷ ಹಟ್ಟಿಯಲ್ಲಿ ಕಂಡಿದ್ದ ಮಾಳವ್ವನ ಸೊಸೆ.

ಕುರಿ ಎಲ್ಲಿ ಎಂದು ಕೇಳಿದೆ. ಅರ್ಧ ಮಾರಿದೆವು, ನಾವು ಗಂಡಹೆಂಡತಿ ಇಲ್ಲಿ ದುಡಿಯುತ್ತಿದ್ದೇವೆ ಎಂದಳು. ಮಾಳವ್ವ?

"ಅತ್ತಿ ಉಳಿದ ಕುರಿ ಹೊಡಕೊಂಡು ಭೀಮಾ ದಾಟಿ ಹ್ವಾದ್ಲುರಿ. ಆ ಕಡೆ ಇನ್ನೂ ಖಾಲಿ ಜಾಗ ಐತಂತ."

"ನಮ್ಮ ಹೊಲದಾಗ ದಾರಿ ಹಂಗೇ ಅದ ಅಂತ ಹೇಳಬೇ, ಕಂಡಾಗ," ಎಂದೆ. ಆಕೆ ತಲೆಯಾಡಿಸಿದಳು. ಒಳಗಿನಿಂದ ಯಾರೋ ಕೂಗಿದರು, ಹೋಗಿಬಿಟ್ಟಳು. ಆಮೇಲೆ ಅವರಲ್ಲಿ ಯಾರನ್ನೂ ನಾನು ನೋಡಲಿಲ್ಲ.

ಆ ಬಯಲಿನಲ್ಲಿ ನಿಧಾನವಾಗಿ ಮನೆಗಳು ಎದ್ದವು, ಓಣಿಯಾಯಿತು, ಹೊಸ ಸೊಸೆಯರು ಬಂದರು. ಅವರ ಬಾಗಿಲಿಗೆ ಅಡ್ಡ ನಿಲ್ಲುವ ಮುದುಕಿ ನಾನೇ ಆದೆ. ನಮ್ಮವರ ಜೊತೆಗೂ ಮಾತು ಬೆಳೆಯಿತು. ಮಕ್ಕಳಾದ ಮೇಲೆ ಮೌನ ಎಷ್ಟು ದಿನ ಉಳಿಯುತ್ತದೆ? ಆದರೆ ಆ ದಾರಿಯ ವಿಷಯ ಅವರು ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಪ್ರತಿ ವರ್ಷ ಬಿತ್ತುವಾಗ ಕೂರಿಗೆ ಅಲ್ಲಿಗೆ ಬಂದರೆ ಅವರು ಎತ್ತು ನಿಲ್ಲಿಸಿ, ಕೂರಿಗೆ ಎತ್ತಿ ಹಿಡಿದು, ದಾರಿ ದಾಟಿಸಿ ಆಚೆ ಇಳಿಸುತ್ತಿದ್ದರು. ಅಕ್ಕಪಕ್ಕದವರು ನಗುತ್ತಿದ್ದರು. ಬಾರದ ಕುರಿಗೆ ಬಂಗಾರದಂಥ ಭೂಮಿ ಬಿಟ್ಟಿದ್ದಾನೆ ಎಂದು ಮುಖದ ಮೇಲೆಯೇ ಹೇಳಿದವರಿದ್ದಾರೆ. ಸರಕಾರದ ಹುಕುಮು ಎಂದು ಅವರು ಚುಟುಕಾಗಿ ಮುಗಿಸುತ್ತಿದ್ದರು. ಆ ಸರಕಾರ ಹೋಯಿತು, ನಿಜಾಮರೂ ಹೋದರು. ಕೂರಿಗೆ ಎತ್ತುವುದು ನಿಲ್ಲಲಿಲ್ಲ.

ಕೊನೆಯ ಬೇನೆಯಲ್ಲಿ ಮಲಗಿದಾಗ ಮಗ ಎಲ್ಲಿ ಮಣ್ಣು ಮಾಡಬೇಕೆಂಬ ಮಾತು ಎತ್ತಿದ. ನಮ್ಮಲ್ಲಿ ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು ರೂಢಿ.

"ಹುತ್ತದ ಬಾಜೂಕ ಮಾಡ್ರಿ," ಎಂದರು. ಆಮೇಲೆ ಮಗನನ್ನಲ್ಲ, ನನ್ನನ್ನು ನೋಡಿ ಹೇಳಿದರು. "ದಾರಿ ಬಿಟ್ಟು ಮಾಡ್ರಿ. ನಿನ್ನ ಗೆಳತಿ ಬಂದಗಿಂದಾಳು."

ಕಳೆದ ಬೇಸಿಗೆ ನಾನು ಹೋದದ್ದು ಅವರ ಪುಣ್ಯತಿಥಿಗೆ. ಸಮಾಧಿಗೆ ಹೂ ಏರಿಸಿ, ಬೆಳ್ಳಿ ಬಟ್ಟಲದ ಒಡಪನ್ನು ಗಟ್ಟಿಯಾಗಿ, ಪೂರ್ತಿಯಾಗಿ ಹೇಳಿದೆ. ಗಂಡ ಹೋದ ಮೇಲೆ ಒಡಪು ಹೇಳಬಾರದೆಂದು ಮೊಮ್ಮಗಳ ಪಕ್ಕದಲ್ಲಿ ನಿಂತಿದ್ದ ಸೊಸೆ ಗಾಬರಿಯಾದಳು. ಆಮೇಲೆ ಆ ದಾರಿಯಲ್ಲೇ ಹಳ್ಳಕ್ಕಿಳಿದು ಕಾಲು ತೊಳೆದುಕೊಂಡು ಬಂದೆ.